ಫರಸಿ ಅಕ್ಕ ಊಟ ಮಾಡಿದ ಸಂಚಿಕೆ

ನನ್ನ ಮನೆ ಶಹಾಬಾದದಲ್ಲಿ, ನೌಕರಿ ಚಿತ್ತಾಪುರದ ಒಂದು ಹೈಸ್ಕೂಲಿನಲ್ಲಿ. ಅಲ್ಲಿ ಕನ್ನಡ ಕಲಿಸುವ ಅಕ್ಕೋರು ನಾನು. ಬೆಳಿಗ್ಗೆ ರೈಲಿನಲ್ಲಿ ವಾಡಿಗೆ ಬಂದು ಇಳಿದು, ಚಿತ್ತಾಪುರದ ಮೇಲೆ ಹಾದು ಸೇಡಂ ಕಡೆ ಹೋಗುವ ಗಾಡಿಗೆ ಕಾಯಬೇಕು. ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರೂ ಶಹಾಬಾದದವರೇ. ಹಾಗಾಗಿ ವಾಡಿ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಎಷ್ಟೋ ವರ್ಷ ಜೊತೆಗೆ ಕಾದಿದ್ದೇವೆ. ಮಾತೆಲ್ಲ ಮುಗಿದ ಮೇಲೆ ಒಂದು ದಿನ ಕಾಮಿಕ್ಸ್ ಶುರುವಾಯಿತು. ಕಥೆ ನನ್ನದು, ಚಿತ್ರ ಅವರದು.

ನಾಯಕಿಗೆ ಫರಸಿ ಅಕ್ಕ ಎಂದು ಹೆಸರಿಟ್ಟೆವು. ಕಲ್ಲಿನ ಗಣಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ಒಮ್ಮೆ ಸಿಡಿಲು ಬಡಿದು ಅವಳ ಮೈ ಶಹಾಬಾದಿ ಫರಸಿಯಷ್ಟು, ಅಂದರೆ ನೆಲಕ್ಕೆ ಹಾಸುವ ಕಲ್ಲುಚಪ್ಪಡಿಯಷ್ಟು, ಗಟ್ಟಿಯಾಗುತ್ತದೆ, ಹಾರುವ ಶಕ್ತಿಯೂ ಬರುತ್ತದೆ. ಅಲ್ಲಿಂದ ಮುಂದೆ ರಾಕ್ಷಸರಿಗೆ ಉಳಿಗಾಲವಿಲ್ಲ. ಪ್ರತಿ ಸಂಚಿಕೆಯ ಕೊನೆಗೆ ಒಂದು ಹಾಳೆ ಖಾಲಿ ಬಿಟ್ಟು, ಮೇಲೆ ‘ಓದಿದವರು ಮನಸ್ಸಿನಲ್ಲಿದ್ದದ್ದನ್ನು ಇಲ್ಲಿ ಬರೆಯಿರಿ’ ಎಂದು ಅಚ್ಚು ಹಾಕಿಸುತ್ತಿದ್ದೆವು. ಶಹಾಬಾದದ ಗ್ರಂಥಾಲಯ, ವಾಡಿ ಸ್ಟೇಷನ್ನಿನ ಚಹಾ ಅಂಗಡಿ, ಸೇಡಂನಲ್ಲಿ ಪರಿಚಯದ ಒಬ್ಬ ಟೇಲರನ ಅಂಗಡಿ, ಇಲ್ಲೆಲ್ಲ ಪ್ರತಿಗಳನ್ನು ಇಡುತ್ತಿದ್ದೆವು. ಪ್ರತಿ ಶನಿವಾರ ಚಿಂಚೋಳಿಯ ತನ್ನ ಮನೆಗೆ ಹೋಗುವ ನಮ್ಮ ಗಣಿತದ ಟೀಚರು ಅಲ್ಲಿನ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಗೆ ಒಂದು ಕಟ್ಟು ಒಯ್ಯುತ್ತಿದ್ದಳು.

ಮೊದಲೆರಡು ಸಂಚಿಕೆಗೆ ಬಂದದ್ದು ‘ಛಲೋ ಅದ’, ‘ಭಾಳ ಛಲೋ ಅದ’ ಎಂಬ ಎರಡೇ ಬಗೆಯ ಅಭಿಪ್ರಾಯ. ನಾವು ಉಬ್ಬಿಹೋಗಿದ್ದೆವು. ಮೂರನೆಯದನ್ನು ಇನ್ನೂ ಜೋರಾಗಿ ಮಾಡಿದೆವು. ಕಾಗಿಣಾ ನದಿಯ ನೀರನ್ನೆಲ್ಲ ಹೀರುವ ರಾಕ್ಷಸನೊಬ್ಬ ಬರುತ್ತಾನೆ. ಫರಸಿ ಅಕ್ಕ ರೈಲ್ವೆ ಪ್ಲಾಟ್‌ಫಾರ್ಮಿನಷ್ಟು ದೊಡ್ಡ ಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ, ಹಾರಿಬಂದು ಅವನ ಬಾಯಿಗೆ ಬಿರಡೆ ಹಾಕುತ್ತಾಳೆ. ಆ ಒಂದು ಚಿತ್ರಕ್ಕೆ ಮಾಸ್ತರರು ಎರಡು ಪುಟ ತೆಗೆದುಕೊಂಡಿದ್ದರು. ಬೆರಳಿನ ಗೆಣ್ಣುಗಳನ್ನು ಕೂಡ ಬಿಡದೆ ತಿದ್ದಿದ್ದರು.

ಈ ಸಲ ಜನ ನಿಜವಾಗಿ ಓದಿದ್ದರು. ವಾಡಿಯ ಒಬ್ಬ ನಿವೃತ್ತ ಗಾರ್ಡ್ ಸಾಹೇಬರು ಬರೆದಿದ್ದರು: ‘ಒಂಬತ್ತನೇ ಪುಟದಾಗ ಸಿಗ್ನಲ್ ಕೆಂಪು ಅದ, ಗಾಡಿ ಮಾತ್ರ ಹೊಂಟದ. ಆ ಹೆಣ್ಮಗಳು ಹಾರಬಹುದು, ಗಾಡಿ ಹಂಗ ಹೋಗಲಿಕ್ಕಾಗಲ್ಲ.’ ಸೇಡಂನ ಟೇಲರಿಗೆ ಫರಸಿ ಅಕ್ಕನ ಬೆನ್ನಿನ ಮೇಲೆ ಹಾರಾಡುವ ಬಟ್ಟೆಯದೇ ಚಿಂತೆ: ‘ಹೊಲಿಗಿ ಇಲ್ಲ, ಗುಂಡಿ ಇಲ್ಲ. ಎದಕ್ಕ ಆತುಕೊಂಡು ನಿಂತದ ಹೇಳ್ರಿ.’ ಚಿಂಚೋಳಿಯಿಂದ ಯಾರೋ ಹಾಳೆ ತುಂಬ ಸಿಟ್ಟು ಮಾಡಿಕೊಂಡಿದ್ದರು: ‘ರಾಕ್ಷಸರೆಲ್ಲ ನಿಮ್ಮ ಕಡೀಗೇ ಯಾಕ ಬರ್ತಾರ? ನಮ್ಮಲ್ಲಿ ಇಷ್ಟು ದೊಡ್ಡ ಅಡವಿ ಅದ. ಚಿಂಚೋಳಿ ಏನು ಪಾಪ ಮಾಡ್ಯದ?’

ವಾಡಿಯ ಬೆಂಚಿನ ಮೇಲೆ ಕುಳಿತು ಇವನ್ನೆಲ್ಲ ಓದಿ ನಕ್ಕೆವು. ಕೊನೆಗೆ ಉಳಿದದ್ದು ಶಹಾಬಾದ ಗ್ರಂಥಾಲಯದಿಂದ ಬಂದ ಒಂದು ಹಾಳೆ. ಬರೆದವಳು ಶಹಾಬಾದದ ಪಕ್ಕದ ಭಂಕೂರಿನ ಒಬ್ಬ ಸೊಸೆ. ದುಂಡನೆಯ ಅಕ್ಷರ.

‘ನಮ್ಮ ಅತ್ತಿ ಅದಾಳ, ಆಕಿಗಿ ಓದಲಿಕ್ಕೆ ಬರಲ್ಲ. ನಾ ಓದಿ ಹೇಳೀನಿ, ಆಕಿ ಚಿತ್ರ ನೋಡ್ಯಾಳ. ಆಕಿ ಹೇಳಿದ್ದು ಹೇಳಿದಂಗ ಬರೀಲಿಕತ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇದನ್ನ ಬರದವರು ಕಲ್ಲು ಎತ್ತಿಲ್ಲ. ಚಿತ್ರ ತೆಗದವರು ಎತ್ತೋರನ್ನ ನೋಡಿಲ್ಲ. ಒಂದು ಕೈಲೆ ಎತ್ತಿದರ ಸೊಂಟ ಹೋಗ್ತದ. ತಲಿ ಮ್ಯಾಲ ಬಟ್ಟಿ ಸಿಂಬಿ ಇಲ್ಲ. ಮತ್ತ ಮೂರು ಪುಸ್ತಕದಾಗೂ ಈ ಹೆಣ್ಮಗಳು ಒಂದು ತುತ್ತು ಉಂಡಿಲ್ಲ. ಹೊಟ್ಟಿ ಹಸದದ್ದಕ್ಕೇ ಆಕಿ ಮಾರಿ ಹಂಗ ಸಿಟ್ಟಿಲೆ ಅದ.’

ಮಾಸ್ತರರು ಹಾಳೆಯನ್ನು ಎರಡು ಸಲ ಓದಿದರು. ಮಡಚಿ ನನ್ನ ಕೈಗೆ ಕೊಟ್ಟರು.

“ಆಕಿಗೆ ಶಕ್ತಿ ಅದರೀ ಅಕ್ಕೋರೆ. ಶಕ್ತಿ ಇದ್ದಾಕಿಗೆ ಸಿಂಬಿ ಯಾಕ ಬೇಕು?”

“ಮುದುಕಿ ಹೇಳೋದ್ರಾಗೂ ಏನರ ಇರಬಹುದಲ್ರಿ?”

“ಹಂಗಾದ್ರ ಆ ಮುದುಕೀನೇ ಚಿತ್ರ ತೆಗೀಲಿ.”

ಎರಡು ವಾರ ಅವರು ಸ್ಕೆಚ್ ಪುಸ್ತಕವನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕುಳಿತು ಪೇಪರು ಓದುತ್ತಿದ್ದರು, ಓದಿದ್ದನ್ನೇ ತಿರುವಿ ಓದುತ್ತಿದ್ದರು. ಆ ಎರಡು ಪುಟದ ಚಿತ್ರ ತಮ್ಮ ಜೀವನದ ಅತ್ಯುತ್ತಮ ಕೆಲಸವೆಂದು ಅವರು ತಿಳಿದಿದ್ದರು. ಅದು ನನಗೂ ಗೊತ್ತಿತ್ತು.

ನನಗೆ ಚುಚ್ಚಿದ್ದು ಬೇರೆ ಮಾತು. ಮನೆಗೆ ಹೋಗಿ ಮೂರೂ ಸಂಚಿಕೆಗಳನ್ನು ಮುಂದಿಟ್ಟುಕೊಂಡು ಒಂದೊಂದೇ ಪುಟ ತಿರುವಿದೆ. ಮುದುಕಿಯ ಮಾತು ಸುಳ್ಳಲ್ಲ. ಒಂದು ಲೋಟ ಚಹಾ ಕೂಡ ಇಲ್ಲ. ಅವಳಿಗೆ ಮನೆಯೇ ಇಲ್ಲ, ಒಲೆ ಎಲ್ಲಿಂದ ಬರಬೇಕು? ಅವ್ವ ತೀರಿಕೊಂಡ ಮೇಲೆ ನಾನು ಒಬ್ಬಳೇ ಇರುವುದು. ಅಡುಗೆ ಮಾಡಿದರೆ ಮಾಡಿದೆ, ಇಲ್ಲದಿದ್ದರೆ ಅಡುಗೆಮನೆಯಲ್ಲಿ ನಿಂತೇ ಒಣ ರೊಟ್ಟಿಗೆ ಒಂದಿಷ್ಟು ಶೇಂಗಾ ಚಟ್ನಿಪುಡಿ, ನಮ್ಮ ಕಡೆಯ ಹಿಂಡಿ, ಹಚ್ಚಿಕೊಂಡು ತಿಂದು ಮುಗಿಸುತ್ತಿದ್ದೆ. ಕಥೆ ಬರೆಯುವಾಗ ಊಟ ನೆನಪಾಗದಿದ್ದದ್ದು ಸಹಜವೇ. ಆದರೆ ಅದನ್ನು ಭಂಕೂರಿನಲ್ಲಿ ಕುಳಿತ ಒಬ್ಬ ಮುದುಕಿ ಚಿತ್ರ ನೋಡಿಯೇ ಹಿಡಿದಳಲ್ಲ! ನಾಚಿಕೆಯೂ ಆಯಿತು, ನಗುವೂ ಬಂತು.

ಎರಡು ವಾರ ಕಾದು ಒಂದು ಭಾನುವಾರ ಮಾಸ್ತರರ ಮನೆಗೆ ಹೋಗಿ, “ಭಂಕೂರಿಗೆ ಹೋಗೂಣ ನಡ್ರಿ” ಎಂದೆ. ಅವರು ಪುರಸತ್ತಿಲ್ಲ ಎಂದರು. ಒಳಗಿನಿಂದ ಅವರ ಹೆಂಡತಿ, “ಎರಡು ವಾರದಿಂದ ಮನ್ಯಾಗ ಕುಂತು ನನ್ನ ತಲಿ ತಿನ್ನಲಿಕತ್ತಾರ, ಕರಕೊಂಡು ಹೋಗ್ರಿ ಅಕ್ಕೋರೆ” ಎಂದು ಕೂಗಿದರು. ಅವರೂ ಹೊರಟರು, ಮೂವರೂ ಟಂಟಂ ಆಟೋ ಹತ್ತಿದೆವು.

ಗ್ರಂಥಾಲಯದವರು ಗುರುತು ಹೇಳಿದ್ದರು: ಊರ ಹೊರಗೆ, ಹಳೆಯ ಗಣಿಯ ಹತ್ತಿರ ಮನೆ. ಅಂಗಳಕ್ಕೆಲ್ಲ ಫರಸಿ ಹಾಸಿತ್ತು, ಗೋಡೆಗೆ ನಾಲ್ಕೈದು ಫರಸಿ ಒರಗಿಸಿಟ್ಟಿದ್ದರು. ಮುದುಕಿ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಸಣ್ಣ ಮೈಕಟ್ಟು, ನನ್ನ ಭುಜಕ್ಕೂ ಬರಲಾರಳು. ನಾವು ಯಾರೆಂದು ತಿಳಿದ ಕೂಡಲೇ ಸೊಸೆ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಳು.

“ನಾ ಬ್ಯಾಡ ಅಂದೆರೀ. ಇಕಿನೇ ಬರಿ ಬರಿ ಅಂದ್ಳು.”

ಮುದುಕಿ ಮಾತ್ರ ಏನೂ ಹೆದರಲಿಲ್ಲ. “ಬರ್ರಿ, ಕುಂದರ್ರಿ. ಚಿತ್ರ ತೆಗದವರು ನೀವೇನು? ಭಾಳ ಛಂದ ತೆಗದೀರಿ. ಮಾರಿ ಛಂದ, ಕಣ್ಣು ಛಂದ. ಕಲ್ಲು ಎತ್ತೋದು ಅಷ್ಟೇ ಬರೂದಿಲ್ಲ ನಿಮಗ.”

ಮಾಸ್ತರರು ಮುಖ ಗಂಟು ಹಾಕಿಕೊಂಡು ಗೋಡೆಯತ್ತ ಹೋದರು. ಒಂದು ಫರಸಿಯನ್ನು ತಳದಲ್ಲಿ ಹಿಡಿದು ಎತ್ತಲು ನೋಡಿದರು. ಅದು ಅಲ್ಲಾಡಲಿಲ್ಲ. ಇನ್ನೊಮ್ಮೆ ಬಗ್ಗಿದಾಗ ಅವರ ಹೆಂಡತಿ, “ಅಯ್ಯ, ಬಿಡ್ರೀ, ಸೊಂಟ!” ಎಂದರು.

ಮುದುಕಿ ಮೊರ ಕೆಳಗಿಟ್ಟು ಎದ್ದಳು. “ಎತ್ತಬ್ಯಾಡ್ರಿ. ನಡಸ್ರಿ ಅದನ್ನ.” ಕಲ್ಲಿನ ಎರಡೂ ಅಂಚು ಹಿಡಿದು, ಮೊದಲು ಒಂದು ಮೂಲೆಯ ಮೇಲೆ ಭಾರ ಹಾಕಿ ಇನ್ನೊಂದು ಮೂಲೆಯನ್ನು ಮುಂದಕ್ಕೆ ತಿರುಗಿಸಿದಳು, ಆಮೇಲೆ ಈ ಕಡೆಯದು. ಆ ದೊಡ್ಡ ಕಲ್ಲು ಅವಳ ಜೊತೆ ಅಂಗಳದಲ್ಲಿ ಹೆಜ್ಜೆ ಹಾಕುತ್ತಾ ನಡೆಯಿತು. ನಡುವೆ ನಿಂತು, “ನನ್ನ ಹರೇದಾಗ ನೋಡಬೇಕಿತ್ತು” ಎಂದು ನಕ್ಕಳು. ಆಮೇಲೆ ಹಳೆಯ ಸೀರೆಯ ತುಂಡನ್ನು ಹೊಸೆದು ಸಿಂಬಿ ಮಾಡಿ ನೆತ್ತಿಯ ಮೇಲಿಟ್ಟು, ಇಬ್ಬರು ಸೇರಿ ಕಲ್ಲನ್ನು ತಲೆಗೆ ಹೇಗೆ ಏರಿಸುತ್ತಾರೆ, ಕತ್ತು ಹೇಗೆ ನೆಟ್ಟಗಿರಬೇಕು, ಪಾದ ಹೇಗೆ ಊರಬೇಕು, ಎಲ್ಲವನ್ನೂ ಕಲ್ಲಿಲ್ಲದೆಯೇ ಮಾಡಿ ತೋರಿಸಿದಳು. ಇಲ್ಲದ ಕಲ್ಲು ನಮಗೆ ಕಾಣುತ್ತಿತ್ತು.

ತಿರುಗಿ ನೋಡಿದರೆ ಮಾಸ್ತರರು ಸ್ಕೆಚ್ ಪುಸ್ತಕ ತೆಗೆದು ನೆಲದ ಮೇಲೆ ಕುಳಿತುಬಿಟ್ಟಿದ್ದರು. “ಅವ್ವಾ, ಜರಾ ಹಂಗೇ ನಿಂದ್ರು. ಪಾದ ಇನ್ನೊಮ್ಮೆ ತೋರ್ಸು.” ಗಂಟೆಗಟ್ಟಲೆ ತಲೆಯೆತ್ತಲಿಲ್ಲ ಆ ಮನುಷ್ಯ.

ಊಟ ಮಾಡಿಸದೆ ಬಿಡಲಿಲ್ಲ ನಮ್ಮನ್ನು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ನನ್ನ ತಾಟಿಗೆ ಮೂರನೇ ರೊಟ್ಟಿ ಹಾಕುತ್ತ ಮುದುಕಿ ಕೇಳಿದಳು:

“ಪುಸ್ತಕದಾಗಿನ ಆಕಿಗಿ ಯಾರೂ ಇಲ್ಲೇನು?”

“ಇಲ್ಲವ್ವಾ.”

“ಬರಿಯಾಕಿ ನೀನೇ ಅಲ್ಲೇನು? ಒಬ್ಬಾಕಿನ್ನ ಕೊಡು ಮತ್ತ ಆಕಿಗಿ.”

ನಾನು ತಲೆ ತಗ್ಗಿಸಿ ರೊಟ್ಟಿ ಮುರಿದೆ. ಬಹಳ ದಿನದ ಮೇಲೆ ಅಷ್ಟು ಉಂಡಿದ್ದೆ.

ನಾಲ್ಕನೇ ಸಂಚಿಕೆಯಲ್ಲಿ ಫರಸಿ ಅಕ್ಕನಿಗೆ ಒಬ್ಬ ಅತ್ತೆಯನ್ನು ಕೊಟ್ಟೆ. ಸೇಡಂ ಕೋಟೆಯ ಮೇಲೆ ರಾಕ್ಷಸ ಬಂದು ಕುಳಿತಿರುತ್ತಾನೆ, ಜನ ಓಡಿಬಂದು ಬಾಗಿಲು ಬಡಿಯುತ್ತಾರೆ. ಅತ್ತೆ ಬಾಗಿಲಲ್ಲಿ ಅಡ್ಡ ನಿಂತು, ‘ಊಟ ಮಾಡಿ ಹೋಗುತ್ತಾಳೆ, ರಾಕ್ಷಸನಿಗೆ ಸ್ವಲ್ಪ ಕುಳಿತುಕೊಳ್ಳಲು ಹೇಳಿ’ ಅನ್ನುತ್ತಾಳೆ. ಊಟಕ್ಕೆ ಪೂರ್ತಿ ನಾಲ್ಕು ಪುಟ. ಆಮೇಲೆ ಫರಸಿ ಅಕ್ಕ ಕೈತೊಳೆದು, ಸಿಂಬಿ ಇಟ್ಟುಕೊಂಡು ಹೊರಡುತ್ತಾಳೆ. ಅವಳು ಕಲ್ಲು ಹೊತ್ತು ನಿಂತ ಚಿತ್ರದಲ್ಲಿ ಪಾದದ ಬೆರಳುಗಳು ನೆಲವನ್ನು ಕಚ್ಚಿ ಹಿಡಿದಿದ್ದವು. ಹಿಂದಿನ ಎರಡು ಪುಟದ ಚಿತ್ರ ಅದರ ಮುಂದೆ ಏನೂ ಅಲ್ಲ ಎಂದು ಮಾಸ್ತರರೇ ಒಪ್ಪಿಕೊಂಡರು.

ಅಭಿಪ್ರಾಯದ ಹಾಳೆಗಳು ಈ ಸಲ ಚೀಲ ತುಂಬಿ ಬಂದವು. ಫೈಟಿಂಗಿಗೆ ಮೂರೇ ಪುಟ, ಊಟಕ್ಕೆ ನಾಲ್ಕು ಪುಟ, ಇದ್ಯಾವ ನ್ಯಾಯ ಎಂದವರು ಕೆಲವರು. ಅತ್ತೆ ಸೊಸೆ ಹೀಗೆ ಇರುವುದು ಮಾತ್ರ ನಂಬಲು ಆಗುವುದಿಲ್ಲ, ಹಾರುವುದನ್ನು ಬೇಕಾದರೆ ನಂಬುತ್ತೇವೆ ಎಂದು ಸೇಡಂನ ಹೆಣ್ಣುಮಕ್ಕಳು ಸೇರಿ ಬರೆದಿದ್ದರು. ಚಹಾ ಅಂಗಡಿಯಲ್ಲಂತೂ ಅದನ್ನೇ ಹಿಡಿದುಕೊಂಡು ಇಬ್ಬರು ಜಗಳ ಆಡಿ ಗಾಡಿ ತಪ್ಪಿಸಿಕೊಂಡರಂತೆ.

ಭಂಕೂರಿನ ಸೊಸೆಯಿಂದಲೂ ಒಂದು ಲಕೋಟೆ ಬಂತು. ‘ಅಕ್ಕೋರೆ, ನಿಮ್ಮ ಕಥಿಯಾಗಿನ ಅತ್ತಿ ಪುಸ್ತಕದಂಗ ಮಾತಾಡ್ತಾಳ. ನಾ ಜರಾ ಬದಲು ಮಾಡೀನಿ, ಸಿಟ್ಟು ಆಗಬ್ಯಾಡ್ರಿ’ ಎಂದು ಶುರು ಮಾಡಿ, ಅತ್ತೆಯ ಮಾತುಗಳನ್ನೆಲ್ಲ ಹೊಸದಾಗಿ ಬರೆದು ಕಳಿಸಿದ್ದಳು. ಅದರ ಬೆನ್ನಿಗೇ ಮುಂದಿನ ಸಂಚಿಕೆಯ ಕಥೆಯನ್ನೂ ತಾನೇ ಅರ್ಧ ಬರೆದುಬಿಟ್ಟಿದ್ದಳು. ಅದರಲ್ಲಿ ಅತ್ತೆಗೂ ಹಾರಲು ಬರುತ್ತದೆ. ಸೊಸೆಗೆ ಮಾತ್ರ ಅದು ಗೊತ್ತಿಲ್ಲ.

ವಾಡಿಯ ಬೆಂಚಿನ ಮೇಲೆ ಕುಳಿತು ಅದನ್ನು ಮಾಸ್ತರರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಅಲ್ಲಿಯೇ ಪೆನ್ಸಿಲ್ ತೆಗೆದರು.