ನನ್ನ ಟಪಾಲು ನಾನೇ ಓದುತ್ತೇನೆ

ನನ್ನ ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಾ ಬರುತ್ತಿದೆ. ಮದುವೆಗೆ ಮುಂಚೆಯೇ ಸಂಜೆಯಾದರೆ ಮೆಟ್ಟಿಲು ಕಾಣುತ್ತಿರಲಿಲ್ಲ. ಈಗ ಹಗಲಿನಲ್ಲೂ ಜಗತ್ತನ್ನು ಕೊಳವೆಯೊಳಗಿಂದ ನೋಡಿದ ಹಾಗೆ ನೋಡುತ್ತೇನೆ. ಎದುರಿಗೆ ಕುಳಿತವರ ಮುಖ ಕಾಣುತ್ತದೆ, ಅವರು ಚಾಚಿದ ಚಹಾದ ಲೋಟ ಕಾಣುವುದಿಲ್ಲ. ಇದು ಗುಣವಾಗುವ ಕಾಯಿಲೆಯಲ್ಲ ಎಂದು ಡಾಕ್ಟರು ಹೇಳಿದ ದಿನ ಅತ್ತಿದ್ದೇನೆ. ಆಮೇಲೆ ಅಳುವುದನ್ನು ಬಿಟ್ಟು ಕೆಲಸ ಹಿಡಿದೆ.

ನನ್ನ ಕೆಲಸ ಅನುವಾದ. ರಾಯಾಪುರದಲ್ಲಿರುವ ಒಂದು ಸಂಸ್ಥೆಗೆ ಇಂಗ್ಲಿಷಿನ ಪಠ್ಯಪುಸ್ತಕಗಳನ್ನು ಕನ್ನಡಕ್ಕೆ ತರುತ್ತೇನೆ. ಮನೆ ದುರ್ಗದಬೈಲು ಪೇಟೆಯ ಹಿಂದಿನ ಓಣಿಯಲ್ಲಿ. ಮುಂದಿನ ಬೀದಿಯಲ್ಲಿ ಗಂಡನ ಬಟ್ಟೆ ಅಂಗಡಿ. ಪಾಠಗಳು ಬರುವುದು, ತಿದ್ದಿದ್ದು ಹೋಗುವುದು, ಲೇಖಕರ ಜೊತೆ ಒಂದೊಂದು ಪದಕ್ಕೆ ಜಗಳವಾಡುವುದು ಎಲ್ಲವೂ ಸಂಸ್ಥೆ ಕೊಟ್ಟ ಮೇಲ್‌ನಲ್ಲಿ. ಗೆಳತಿಯರ ಪತ್ರವೂ ಅಲ್ಲಿಗೇ ಬರುತ್ತದೆ. ಮೇಲ್ ನಿಂತರೆ ನಾನೂ ನಿಂತಂತೆ.

ಎಲ್ಲರೂ ಬಳಸುವ ಮೇಲ್ ಪುಟ ನನಗೆ ಶತ್ರು. ಒಂದು ಗುಂಡಿ ಎಡಮೂಲೆಯಲ್ಲಿ, ಇನ್ನೊಂದು ಬಲಮೂಲೆಯಲ್ಲಿ, ನಡುವೆ ತೆಳು ಬೂದಿ ಬಣ್ಣದ ಅಕ್ಷರ. ಯಾವುದೋ ಮೂಲೆಯಲ್ಲಿ ಏನೋ ತೆರೆದುಕೊಂಡು ನನ್ನ ಉತ್ತರಕ್ಕಾಗಿ ಕಾಯುತ್ತಿರುತ್ತದೆ, ನನಗೆ ಅದು ಇದೆಯೆಂಬುದೇ ತಿಳಿಯುವುದಿಲ್ಲ. ಹಾಗಾಗಿ ಕೆಲವು ವರ್ಷಗಳ ಹಿಂದೆ ಪ್ರೋಗ್ರಾಮ್ ಬರೆಯುವವರು ಬಳಸುವ ಒಂದು ಹಳೆಯ ಟೆಕ್ಸ್ಟ್ ಎಡಿಟರ್ ಹಿಡಿದೆ. ಅದರ ಹೊಟ್ಟೆಯೊಳಗೇ ಮೇಲ್ ಓದುವ, ಸುದ್ದಿಗುಂಪುಗಳನ್ನು ಓದುವ ವ್ಯವಸ್ಥೆ ಇದೆ. ಸುದ್ದಿಗುಂಪು ಎಂದರೆ ದೇಶದೇಶದ ಜನ ಒಂದು ವಿಷಯದ ಮೇಲೆ ಬರೆದು ಹಾಕುವ ಸಾರ್ವಜನಿಕ ಹಲಗೆ. ಕಪ್ಪು ಪರದೆ, ಹೆಬ್ಬೆರಳ ಗಾತ್ರದ ಹಳದಿ ಅಕ್ಷರ, ಮೇಲಿನಿಂದ ಕೆಳಗೆ ಒಂದೇ ಸಾಲು. ಮೌಸ್ ಬೇಡ. ಒಂದು ಕೀಲಿ ಒತ್ತಿದರೆ ಮುಂದಿನ ಪತ್ರ, ಇನ್ನೊಂದು ಒತ್ತಿದರೆ ಉತ್ತರ.

ಸುಲಭಕ್ಕೆ ಕೈಗೆ ಬಂದದ್ದಲ್ಲ ಅದು. ಎಲ್ಲವನ್ನೂ ಒಂದು ಸೆಟ್ಟಿಂಗ್ ಫೈಲಿನಲ್ಲಿ ಕಂಸದೊಳಗೆ ಕಂಸ ಹಾಕಿ ಬರೆಯಬೇಕು. ಒಂದು ಕಂಸ ಮುಚ್ಚದಿದ್ದರೆ ಇಡೀ ಫೈಲು ಮುಷ್ಕರ ಹೂಡುತ್ತದೆ. ಮೊದಲ ಬಾರಿ ಮೇಲ್ ಬಂದಾಗ ಓದಿ ಹಿಂದೆ ಬಂದೆ, ನೋಡಿದರೆ ಪಟ್ಟಿಯಲ್ಲಿ ಪತ್ರವೇ ಇಲ್ಲ. ಎಲ್ಲ ಅಳಿಸಿಹೋಯಿತೆಂದು ಕೂಗಿಕೊಂಡೆ. ಅರ್ಧ ದಿನ ಕೈಪಿಡಿ ಓದಿದ ಮೇಲೆ ತಿಳಿಯಿತು: ಅದು ಮೂಲತಃ ಸುದ್ದಿ ಓದಲು ಹುಟ್ಟಿದ ಪ್ರೋಗ್ರಾಮ್, ಓದಿದ್ದನ್ನು ಕಣ್ಣ ಮುಂದಿನಿಂದ ಸರಿಸಿಬಿಡುತ್ತದೆ. ಎಲ್ಲವನ್ನೂ ತೋರಿಸುವ ಕೀಲಿ ಬೇರೆ ಇತ್ತು. ಹೀಗೆ ಒಂದೊಂದು ಪೆಟ್ಟು ತಿಂದೇ ಅದನ್ನು ನನ್ನದಾಗಿಸಿಕೊಂಡೆ.

ಹೋದ ಬೇಸಿಗೆಯ ಒಂದು ಮುಂಜಾನೆ ಅದು ಸರ್ವರ್ ತೆರೆಯಲಾಗಲಿಲ್ಲ ಎಂದಿತು. ಯಾಕೆ ಎಂದು ಹೇಳಲಿಲ್ಲ. ಪಾಸ್‌ವರ್ಡ್ ಮತ್ತೆ ಹಾಕಿದೆ. ಕಂಸಗಳನ್ನು ಎಣಿಸಿದೆ. ಸೆಟ್ಟಿಂಗ್ ಫೈಲಿನ ಅರ್ಧ ಭಾಗವನ್ನು ಪಕ್ಕಕ್ಕಿಟ್ಟು ನಡೆಸಿ ನೋಡಿದೆ, ಆಮೇಲೆ ಇನ್ನರ್ಧ. ಸುದ್ದಿಗುಂಪುಗಳು ಮಾತ್ರ ಎಂದಿನಂತೆ ಬರುತ್ತಿದ್ದವು, ಅವುಗಳ ಸರ್ವರ್ ಬೇರೆ. ಹಾಗಾಗಿ ಆ ಪ್ರೋಗ್ರಾಮ್ ಬಳಸುವವರ ಗುಂಪಿನಲ್ಲೇ ನನ್ನ ಪ್ರಶ್ನೆ ಹಾಕಿದೆ.

ಮೊದಲ ಉತ್ತರ ಬರೆದವನು, ಈ ಕಾಲದಲ್ಲಿ ಇದನ್ನೆಲ್ಲ ಯಾರು ಬಳಸುತ್ತಾರೆ, ಬ್ರೌಸರ್‌ಗೆ ಹೋಗಿ ಎಂದು ಉಪದೇಶ ಮಾಡಿದ್ದ. ನನ್ನ ಕಣ್ಣಿನ ವಿಷಯ ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಮೆತ್ತಗಾಗುತ್ತಿದ್ದ, ಆ ಮೆತ್ತಗಿನ ಮಾತು ನನಗೆ ಬೇಕಿರಲಿಲ್ಲ. "ನಾನು ಬಳಸುತ್ತೇನೆ. ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಹೇಳಿ, ಇಲ್ಲದಿದ್ದರೆ ದಾರಿ ಬಿಡಿ" ಎಂದು ಬರೆದೆ. ಮರುದಿನ ಇನ್ನಾರೋ ಒಬ್ಬರು, ಪ್ರೋಗ್ರಾಮ್ ಮತ್ತು ಸರ್ವರ್ ನಡುವಿನ ಮಾತುಕತೆಯನ್ನು ಪೂರ್ತಿ ಬರೆದಿಡುವ ಒಂದು ಸಾಲು ಕಳಿಸಿದರು. ಅದನ್ನು ಸೇರಿಸಿ ಮತ್ತೆ ನಡೆಸಿದೆ. ಸರ್ವರ್ ಸ್ಪಷ್ಟವಾಗಿಯೇ ಹೇಳಿತ್ತು: ಹೊರಗಿನ ಪ್ರೋಗ್ರಾಮ್‌ಗಳಿಗೆ ಈ ಖಾತೆಯಲ್ಲಿ ಪ್ರವೇಶವಿಲ್ಲ, ನಿಮ್ಮ ಆಡಳಿತದವರು ಮುಚ್ಚಿದ್ದಾರೆ.

ತಪ್ಪು ನನ್ನ ಕಂಸದಲ್ಲಿರಲಿಲ್ಲ. ಸಿಟ್ಟೂ ಬಂತು, ಸಮಾಧಾನವೂ ಆಯಿತು.

ಬಸ್ಸು ಹಿಡಿದು ರಾಯಾಪುರಕ್ಕೆ ಹೋದೆ. ಆಫೀಸಿನ ವ್ಯವಸ್ಥಾಪಕರು ಒಳ್ಳೆಯ ಮನುಷ್ಯ, ಕುರ್ಚಿ ಎಳೆದು ಕೂರಿಸಿದರು.

"ಮೇಡಂ, ಈಗ ಎಲ್ಲಾರೂ ಹೊಸ ಪೇಜಿನ್ಯಾಗ ನೋಡಾಕತ್ತಾರ್ರಿ. ಹೊರಗಿನ ಪ್ರೋಗ್ರಾಮ್ ಎಲ್ಲಾ ಬಂದ್ ಮಾಡೇವಿ, ಸೇಫ್ಟಿ ಸಲುವಾಗಿ."

"ಆ ಪೇಜ್ ನನಗ ಓದಾಕ ಆಗಂಗಿಲ್ರಿ ಸರ್."

"ಅದಕ್ಕ ಯಾಕ ಚಿಂತಿ ಮಾಡ್ತೀರಿ? ಇಲ್ಲಿ ನಮ್ಮ ಟೈಪಿಸ್ಟ್ ಬಾಯಾರು ಅದಾರ. ನಿಮ್ಮ ಪಾಸ್‌ವರ್ಡ್ ಅವರ ಕಡೆ ಕೊಡ್ರಿ. ದಿನಾ ಫೋನ್ ಹಚ್ಚಿ ಓದಿ ಹೇಳ್ತಾರ. ನೀವು ಹೇಳಿದ್ದು ಅವರ ಟೈಪ್ ಮಾಡ್ತಾರ. ನಿಮಗೂ ಆರಾಮ."

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ 'ಆರಾಮ' ಎಂಬ ಮಾತು ಮನೆ ಮುಟ್ಟುವವರೆಗೂ ಕಿವಿಯಲ್ಲಿ ಚುಚ್ಚುತ್ತಿತ್ತು. ನನ್ನ ಪತ್ರ ಇನ್ನೊಬ್ಬರ ಬಾಯಿಂದ, ನನ್ನ ಉತ್ತರ ಇನ್ನೊಬ್ಬರ ಬೆರಳಿಂದ.

ಮನೆಯಲ್ಲಿ ಗಂಡ ಊಟಕ್ಕೆ ಬಂದಿದ್ದರು. ನಡೆದದ್ದನ್ನು ಕೇಳಿ, "ಸದ್ಯಕ್ಕ ಹಂಗ ಮಾಡು. ಕೆಲಸ ನಡೀತದಲ್ಲ?" ಎಂದರು. ರೊಟ್ಟಿ ಬಡಿಸುತ್ತಿದ್ದ ಅತ್ತೆ ತಟ್ಟನೆ ಬುಟ್ಟಿ ಕೆಳಗಿಟ್ಟರು.

"ಏನ ಹಂಗ ಮಾಡೂದು? ಆಕಿ ಪತ್ರ ಯಾರರ ಯಾಕ ಓದಬೇಕು?"

ಅತ್ತೆ ನನ್ನ ಕಂಪ್ಯೂಟರಿನ ಹತ್ತಿರ ಸುಳಿದವರೇ ಅಲ್ಲ. ನಾವಿಬ್ಬರೂ ಅವರ ಮುಖ ನೋಡಿದೆವು. ಅವರು ಗೋಡೆಗೆ ಒರಗಿ ಕೂತು ನನ್ನತ್ತ ತಿರುಗಿದರು.

"ನಾ ಲಗ್ನಾಗಿ ಬಂದಾಗ ನಮ್ಮವ್ವ ಕಾರ್ಡ್ ಹಾಕ್ತಿದ್ಲವಾ. ಮಾವನವರು ಪಡಸಾಲ್ಯಾಗ ಕುಂತು ಎಲ್ಲಾರ ಮುಂದ ಜೋರಾಗಿ ಓದವ್ರು. ನಾ ಸಾಲಿ ಕಲ್ತಾಕಿ, ನನಗ ಓದಾಕ ಬರ್ತಿತ್ತು. ಆದ್ರೂ ಕದದ ಮರ್ಯಾಗ ನಿಂತು ಕೇಳಬೇಕು. ಒಂದ್ಸಲ ಅವ್ವ, 'ನಿನ್ನ ಮುಟ್ಟಿನ ಹೊಟ್ಟಿನೋವು ಕಡಿಮಿ ಆತೇನು' ಅಂತ ಬರದಿದ್ಲು. ಮೈದುನರು ಎಲ್ಲಾರೂ ನಕ್ಕರು. ಇನ್ನ ಮ್ಯಾಲ ಏನೂ ಬರೀಬ್ಯಾಡ ಅಂತ ನಾನ ಹೇಳಿ ಕಳಿಸಿದೆ."

"ಆಮ್ಯಾಲ ಬರೀಲಿಲ್ಲೇನ್ರಿ ಅತ್ತಿ?"

"ಬರದ್ಲು. ನಾವು ಕ್ಷೇಮ, ನೀವು ಕ್ಷೇಮದಿಂದಿರಿ. ಸಾಯೂತನಕ ಅಷ್ಟ ಬರದ್ಲು."

ಗಂಡ ತಾಟನ್ನು ಪಕ್ಕಕ್ಕೆ ಸರಿಸಿದರು. ತಮ್ಮ ತಾಯಿಯ ಬಾಯಿಂದ ಈ ಮಾತು ಅವರೂ ಕೇಳಿದ್ದು ಅಂದೇ ಮೊದಲು. ಮರುದಿನ ಅಂಗಡಿಗೆ ತಡವಾದರೂ ಪರವಾಗಿಲ್ಲ ಎಂದು ನನ್ನನ್ನು ಬಸ್ಸಿಗೆ ಹತ್ತಿಸಲು ಅವರೇ ಬಂದರು.

ನನ್ನ ಪ್ರೋಗ್ರಾಮಿಗೇ ಪ್ರವೇಶ ಬೇಕು ಎಂದಾಗ ವ್ಯವಸ್ಥಾಪಕರು ಈ ಸಲ ಒಂದು ಖಾಲಿ ಹಾಳೆ ಮುಂದಿಟ್ಟರು. "ನನಗೆ ಕಣ್ಣು ಕಾಣುವುದಿಲ್ಲ, ಕಂಪ್ಯೂಟರ್ ಬಳಸಲು ಅಸಮರ್ಥಳಿದ್ದೇನೆ ಅಂತ ಬರದು ಸಹಿ ಮಾಡ್ರಿ ಮೇಡಂ. ವಿಶೇಷ ಕೇಸ್ ಅಂತ ಮ್ಯಾಲ ಕಳಸ್ತೇನಿ."

"ಅಸಮರ್ಥಳು ಅಂತ ನಾ ಬರಿಯಂಗಿಲ್ರಿ."

"ಬರೇ ಒಂದ್ ಶಬ್ದ್ರೀ ಅದು."

"ನಾ ಹೊಟ್ಟಿ ಹೊರಕೊಳ್ಳೂದ ಶಬ್ದದ ಮ್ಯಾಲ್ರಿ ಸರ್. ಒಂದು ಶಬ್ದ ಹೌದೋ ಅಲ್ಲೋ ಅಂತ ದಿನಗಟ್ಲೆ ಕುಂದ್ರಾಕಿ ನಾನು."

ಹಾಳೆ ತೆಗೆದುಕೊಂಡು ನಾನೇ ಬರೆದೆ. ನಿಮ್ಮ ಹೊಸ ಪುಟ ನನಗೆ ಓದಲು ಬರುವ ಹಾಗೆ ಮಾಡಿಲ್ಲ. ಓದಲು ಬರುವ ಸಾಧನ ನನ್ನ ಬಳಿ ಇದೆ. ಅದಕ್ಕೆ ಪ್ರವೇಶ ಕೊಡಿ. ಸುರಕ್ಷತೆಗೆ ನೀವು ಹೇಳುವ ಕ್ರಮವನ್ನೆಲ್ಲ ಪಾಲಿಸುತ್ತೇನೆ, ನನ್ನ ಪಾಸ್‌ವರ್ಡನ್ನು ಮಾತ್ರ ಯಾರಿಗೂ ಒಪ್ಪಿಸುವುದಿಲ್ಲ. ಸಹಿ ಹಾಕಿ, "ಇದರ ಉತ್ತರ ತಗೊಂಡ ಹೋಗ್ತೇನ್ರಿ" ಎಂದು ಅಲ್ಲೇ ಕುಳಿತೆ.

ಅವರು ಓದಿದರು, ನನ್ನನ್ನು ನೋಡಿದರು, ಮತ್ತೆ ಓದಿದರು. ನನ್ನ ಮೇಜಿನ ಮೇಲೆ ವಿಜ್ಞಾನದ ಪುಸ್ತಕವೊಂದು ಅರ್ಧಕ್ಕೆ ನಿಂತಿರುವುದು ಅವರಿಗೂ ಗೊತ್ತಿತ್ತು. ಕೊನೆಗೆ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವವರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಆ ಕಡೆಯ ದನಿ ಆರಾಮಾಗಿ ಹೇಳಿತು: "ಒಂದ್ ಟಿಕ್ ಹಾಕಿದ್ರ ಆತ್ರಿ ಸರ್. ಮೇಡಮ್ಮರಿಗೆ ಆ ಪ್ರೋಗ್ರಾಮಿಗಷ್ಟ ಬ್ಯಾರೆ ಪಾಸ್‌ವರ್ಡ್ ಮಾಡಿ ಕೊಡ್ತೇನಿ."

ಒಂದು ಟಿಕ್. ಅದಕ್ಕಾಗಿ ನಾನು ಅಸಮರ್ಥಳಾಗಬೇಕಿತ್ತು.

ಮನೆಗೆ ಬಂದು ಹೊಸ ಪಾಸ್‌ವರ್ಡ್ ಹಾಕಿದೆ. ಮತ್ತೆ ತಪ್ಪು. ಆದರೆ ಬೇರೆ ತಪ್ಪು! ಪ್ರವೇಶವಿಲ್ಲ ಎನ್ನುತ್ತಿದ್ದ ಸರ್ವರ್ ಈಗ ಪಾಸ್‌ವರ್ಡ್ ಸರಿಯಿಲ್ಲ ಎನ್ನುತ್ತಿತ್ತು. ತಪ್ಪು ಬದಲಾದರೆ ದಾರಿ ಸಾಗುತ್ತಿದೆ ಎಂದರ್ಥ. ಮಾತುಕತೆಯ ದಾಖಲೆಯನ್ನು ಸಾಲುಸಾಲಾಗಿ ಓದಿದೆ. ಹಳದಿ ಅಕ್ಷರದಲ್ಲಿ ಒಮ್ಮೆಗೆ ಎರಡು ಮೂರು ಪದ ಮಾತ್ರ ನನ್ನ ಕೊಳವೆಯೊಳಗೆ ಹಿಡಿಯುತ್ತವೆ. ಬಹುಶಃ ಅದಕ್ಕೇ ಯಾವುದನ್ನೂ ಹಾರಿಸಿ ಓದುವುದು ನನಗೆ ಸಾಧ್ಯವಿಲ್ಲ. ಪಾಸ್‌ವರ್ಡ್‌ಗಳನ್ನು ಇಡುವ ಫೈಲಿನಲ್ಲಿ ಹೊಸ ಸಾಲನ್ನು ಕೆಳಗೆ ಸೇರಿಸಿದ್ದೆ, ಹಳೆಯದನ್ನು ತೆಗೆದಿರಲಿಲ್ಲ. ಪ್ರೋಗ್ರಾಮ್ ಮೇಲಿನಿಂದ ಹುಡುಕಿ ಮೊದಲು ಸಿಕ್ಕ ಹಳೆಯ ಪಾಸ್‌ವರ್ಡನ್ನೇ ಎತ್ತಿಕೊಂಡು ಹೋಗುತ್ತಿತ್ತು. ಹಳೆಯ ಸಾಲು ಅಳಿಸಿ, ಎಡಿಟರ್ ಮುಚ್ಚಿ ತೆರೆದೆ.

ಪತ್ರಗಳು ಸುರಿದವು. ಪಾಠಗಳು, ಲೇಖಕರ ತಕರಾರುಗಳು, ಗೆಳತಿಯೊಬ್ಬಳು ತನ್ನ ಶಸ್ತ್ರಚಿಕಿತ್ಸೆಯ ಬಗ್ಗೆ, ನನಗೊಬ್ಬಳಿಗೇ ಎಂದು ಬರೆದ ಉದ್ದನೆಯ ಪತ್ರ. ಎಲ್ಲಕ್ಕಿಂತ ಮೊದಲು ಅದನ್ನು ಓದಿದೆ. ಆಫೀಸಿನ ಆ ಟೈಪಿಸ್ಟ್ ಮಹಿಳೆ ಫೋನಿನಲ್ಲಿ ಅದನ್ನು ಓದಿ ಹೇಳುವುದನ್ನು ಕಲ್ಪಿಸಿಕೊಂಡೆ. ಪಾಪ, ಅವರಿಗೂ ಅದು ಶಿಕ್ಷೆಯೇ ಆಗುತ್ತಿತ್ತು.

ಗಂಡ ಸಂಜೆ ಬಂದು ವಿಷಯ ಕೇಳಿ ಖುಷಿಪಟ್ಟರು. ಆಮೇಲೆ ಮೆಲ್ಲಗೆ, "ಮುಂದಿನ ವರ್ಷ ಮತ್ತೇನರ ಬಂದ್ ಮಾಡಿದ್ರ?" ಎಂದರು.

"ಮತ್ತ ಹೋಗಿ ಕುಂದರ್ತೇನಿ."

"ಕಣ್ಣು ಇನ್ನಷ್ಟು..." ಎಂದವರು ಅಲ್ಲಿಗೇ ನಿಲ್ಲಿಸಿದರು.

ಅದಕ್ಕೂ ತಯಾರಿ ನಡೆದಿದೆ. ಎಡಿಟರಿಗೆ ಈಗ ಓದಿ ಹೇಳುವ ದನಿ ಜೋಡಿಸಿದ್ದೇನೆ. ಇಂಗ್ಲಿಷನ್ನು ಚೆನ್ನಾಗಿ ಓದುತ್ತದೆ, ಕನ್ನಡ ಬಂದರೆ ಒತ್ತಕ್ಷರಕ್ಕೆ ಎಡವುತ್ತದೆ. ದಿನಾ ಬೆಳಿಗ್ಗೆ ಪರದೆ ಆರಿಸಿ, ಕಿವಿಯಿಂದಷ್ಟೇ ಪತ್ರ ಓದುವುದನ್ನು ರೂಢಿಸಿಕೊಳ್ಳುತ್ತಿದ್ದೇನೆ. ಒಳಗಿನಿಂದ ಅತ್ತೆ, "ಕಿವ್ಯಾಗ ಇಟಗೊಂಡು ಕೇಳವಾ, ನಮಗೆಲ್ಲಾ ಕೇಳಸಾಕತ್ತೈತಿ ನಿನ್ನ ಟಪಾಲು!" ಎಂದು ಬೈಯುತ್ತಾರೆ. ನಾನು ಇಯರ್‌ಫೋನ್ ಸಿಕ್ಕಿಸಿಕೊಂಡು ಮುಂದಿನ ಪತ್ರದ ಕೀಲಿ ಒತ್ತುತ್ತೇನೆ.