ಸಾರ ಹಾಕದ ತಟ್ಟೆ

ಶಕುನ, ದೃಷ್ಟಿ ಎನ್ನುವವರನ್ನು ಕಂಡರೆ ನಾನು ಆಡಿಕೊಂಡು ನಗುತ್ತಿದ್ದೆ. ಈಗಲೂ ನಂಬುವವಳಲ್ಲ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ಆಗ ಕಲಬುರಗಿಯ ಒಂದು ಪ್ರಯೋಗಾಲಯದಲ್ಲಿ ಪಿಎಚ್.ಡಿ.ಗಾಗಿ ಒದ್ದಾಡುತ್ತಿದ್ದೆ. ನಮ್ಮ ದೇಹದ ಜೀವಕೋಶಗಳು ಕೆಲಸ ಮುಗಿದ ಮೇಲೆ ತಾವಾಗಿಯೇ ಶಿಸ್ತಿನಿಂದ ಸಾಯುತ್ತವೆ. ಕ್ಯಾನ್ಸರ್ ಕೋಶಗಳಿಗೆ ಅದು ಮರೆತಿರುತ್ತದೆ. ಕಮಲಾಪುರದ ಕೆಂಪು ಬಾಳೆಯ ಸಿಪ್ಪೆಯ ಸಾರ ಹಾಕಿ ಅವಕ್ಕೆ ಸಾವನ್ನು ನೆನಪಿಸುವುದು ನನ್ನ ಕೆಲಸ. ಕೋಶ ಬೆಳೆಸಿದ ಒಂದು ತಟ್ಟೆಗೆ ಸಾರ. ಹೋಲಿಸಿ ನೋಡಲು ಇನ್ನೊಂದನ್ನು ಹಾಗೇ ಬಿಡುವುದು. ಮರುದಿನ ಬಣ್ಣ ಹಾಕಿದರೆ ಸಾಯಲು ಹೊರಟ ಕೋಶ ಹಸಿರಾಗಿ ಹೊಳೆಯಬೇಕು. ಹೊಳೆಯುತ್ತಲೇ ಇರಲಿಲ್ಲ. ಇದೇ ಕೊನೆಯ ಸಲ, ಆಗದಿದ್ದರೆ ಬಿಟ್ಟುಬಿಡು ಎಂದು ಗೈಡ್ ಹೇಳಿಯಾಗಿತ್ತು. ನನಗೂ ಸಾಕುಸಾಕಾಗಿತ್ತು.

ಆ ಮಧ್ಯಾಹ್ನ ಕಮಲಾಪುರದ ಬಸ್ಸಿಗೆ ನಮ್ಮ ಕಾಕಿ, ಚಿಕ್ಕಪ್ಪನ ಹೆಂಡತಿ, ಬಾಳೆಹಣ್ಣು ಹೊತ್ತು ಪ್ರಯೋಗಾಲಯಕ್ಕೆ ಬಂದಳು. ತೋಟ ಅವಳದೇ. ಗೊನೆ ಕೊಟ್ಟ ಬಾಳೆ ಹೇಗೂ ಸಾಯುತ್ತದೆ; ಅದನ್ನು ಕಡಿಯುವ ಮುನ್ನ ಮೈ ತಟ್ಟಿ ಒಂದು ಮಾತು ಹೇಳುವುದು ಅವಳ ರೂಢಿ. ನೋಡಲಿ ಎಂದು ಸೂಕ್ಷ್ಮದರ್ಶಕದಡಿ ಒಂದು ತಟ್ಟೆ ಇಟ್ಟೆ.

"ಇವು ಸಾಯ್ಬೇಕೇನು?" ಎಂದಳು.

"ಹೂಂ ಕಾಕಿ, ಸಾಯವಲ್ವು."

ಕಾಕಿ ತಟ್ಟೆಯ ಅಂಚನ್ನು ಮೆಲ್ಲಗೆ ತಟ್ಟಿದಳು. "ಭಾಳ ದುಡದೀರಿ. ಸಾಕು, ಇನ್ನ ಹೋಗ್ರವ್ವಾ."

ನನಗೆ ನಗು ಬಂತು. ಅದು ಸಾರ ಹಾಕದ ತಟ್ಟೆಯಾಗಿತ್ತು.

ಮರುದಿನ ನೋಡಿದರೆ ಸಾರ ಹಾಕಿದ ಕೋಶಗಳು ಎಂದಿನಂತೆ ಬದುಕಿದ್ದವು. ಹಾಕದ ತಟ್ಟೆಯ ತುಂಬ ಹಸಿರು. ಸೋಂಕು ತಗುಲಿದ್ದರೆ ಕೋಶಗಳು ಒಡೆದು ರಾಡಿಯಾಗುತ್ತವೆ. ಇವು ಅಚ್ಚುಕಟ್ಟಾಗಿ, ಒಂದೊಂದೇ ಕುಗ್ಗಿ ಹೋಗುತ್ತಿದ್ದವು. ಗೈಡ್‌ಗೆ ತೋರಿಸಿದೆ.

"ತಟ್ಟಿ ಅದಲಾಬದಲಿ ಆಗ್ಯಾವ. ಹಸರು ಬಂದದ್ದು ಸಾರದ್ದು ಅಂತ ಬರಿ, ನಿನ್ನ ಪಿಎಚ್.ಡಿ. ಮುಗೀತು," ಎಂದರು ಗೈಡ್.

ಬರೆಯಲು ಕುಳಿತೆ, ಆಗಲಿಲ್ಲ. ತಟ್ಟೆಗಳಿಗೆ ಹೆಸರು ಅಂಟಿಸಿದವಳು ನಾನೇ. ಮತ್ತೆ ಮತ್ತೆ ಮಾಡಿದೆ. ಎರಡೂ ತಟ್ಟೆ ಬದುಕಿಯೇ ಉಳಿದವು. ಕೊನೆಗೆ ಪಿಎಚ್.ಡಿ. ಕೈಬಿಟ್ಟೆ.

ಬಿಟ್ಟ ವಾರವೇ ಕಮಲಾಪುರಕ್ಕೆ ಹೋಗಿ ತೋಟದ ಬದುವಿನ ಮೇಲೆ ಸುಮ್ಮನೆ ಕುಳಿತಿದ್ದೆ. ಏಳುವುದಕ್ಕೂ ಮನಸ್ಸಿರಲಿಲ್ಲ. ಕಾಕಿ ಪಕ್ಕಕ್ಕೆ ಬಂದು ನನ್ನ ಬೆನ್ನನ್ನು ಮೆಲ್ಲಗೆ ತಟ್ಟಿದಳು.

"ಭಾಳ ದುಡದಿ ಯವ್ವಾ," ಎಂದಳು.

ಮುಂದಿನ ಮಾತು ಬರುವ ಮೊದಲೇ ನಾನು ಧಡಕ್ಕನೆ ಎದ್ದುಬಿಟ್ಟೆ. ಊಟಕ್ಕೆ ಕರೆಯಲು ಬಂದಿದ್ದಳೋ ಏನೋ. ಇವತ್ತಿನವರೆಗೂ ಕೇಳಿಲ್ಲ.