ಎರಡು ದೇಶಗಳ ನಗೆಯ ನಡುವೆ

ಅರವತ್ತರ ದಶಕದಲ್ಲಿ ನಾನು ಹಾನಗಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಆಗಿನ್ನೂ ನನಗೆ ಇಪ್ಪತ್ತಾರು ವರ್ಷ. ಒಂದು ದಿನ ತಾಲೂಕಿನ ಅಭಿವೃದ್ಧಿ ಅಧಿಕಾರಿ ಬಿ.ಡಿ.ಒ. ಸಾಹೇಬರು ಶಾಲೆಗೇ ಬಂದು, “ಅಕ್ಕಾರ, ಶನಿವಾರ ಶನಿವಾರ ನಮ್ಮ ಜೀಪಿನ್ಯಾಗ ಬರ್ರಿ. ಪರದೇಶದವರು ಮಾತಾಡ್ತಾರ, ನೀವು ಅದನ್ನ ಕನ್ನಡದಾಗ ಹೇಳಿದ್ರಾತು” ಎಂದರು. ಹೆಡ್ಮಾಸ್ತರರು ನನ್ನನ್ನು ಕೇಳದೆಯೇ ಒಪ್ಪಿಕೊಂಡುಬಿಟ್ಟರು.

ಪರದೇಶದವರು ಇಬ್ಬರು. ಒಬ್ಬ ಅಮೆರಿಕದ ತರುಣ. ಹಳ್ಳಿಯವರಿಗೆ ಕೋಳಿ ಸಾಕಣೆ ಕಲಿಸಲು ಬಂದಿದ್ದ. ಇನ್ನೊಬ್ಬರು ಐವತ್ತು ದಾಟಿದ ಇಂಗ್ಲಿಷ್ ನರ್ಸ್, ಬಾಣಂತಿಯರ ಆರೈಕೆಯ ಬಗ್ಗೆ ಹೇಳುತ್ತಿದ್ದರು. ಇದ್ದದ್ದು ಒಂದೇ ಜೀಪು, ಆದ್ದರಿಂದ ಕೋಳಿಗೂ ಬಾಣಂತಿಗೂ ಒಂದೇ ಸಭೆ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಅವ್ವ ಮೊದಲ ದಿನವೇ, “ಆ ಕೋಳಿ ಮಾತು ಹೊಸ್ತಿಲ ಹೊರಗ ಇಟ್ಟು ಒಳಗ ಬಾ” ಎಂದಿದ್ದಳು.

ಜೀಪು ಹೊರಟ ಕೂಡಲೇ ಇವರಿಬ್ಬರ ವಾದ ಶುರುವಾಗುತ್ತಿತ್ತು. ವಿಷಯ ಯಾವಾಗಲೂ ಒಂದೇ: ಟೆಲಿವಿಷನ್‌ನಲ್ಲಿ ಯಾರ ದೇಶದ ಹಾಸ್ಯ ಮೇಲು? ನರ್ಸ್ ರಜೆಯಲ್ಲಿ ಇಂಗ್ಲೆಂಡಿನ ತಂಗಿಯ ಮನೆಗೆ ಹೋದಾಗ ಟೆಲಿವಿಷನ್ ನೋಡಿದ್ದರು. ಅವನಂತೂ ಅದರ ಮುಂದೆಯೇ ಬೆಳೆದವನು. “ನಮ್ಮಲ್ಲಿ ಅರ್ಧ ನಿಮಿಷಕ್ಕೊಂದು ನಗು ಬರಲೇಬೇಕು, ಕೊನೆಗೆ ಮನೆಯವರೆಲ್ಲ ಅಪ್ಪಿಕೊಳ್ಳುತ್ತಾರೆ” ಎಂದು ಅವನು. “ಅದೇ ನಿಮ್ಮ ರೋಗ. ನಮ್ಮಲ್ಲಿ ಸೋತವನು ಸೋತೇ ಇರುತ್ತಾನೆ, ತಾನು ಗೆದ್ದೆ ಅಂದುಕೊಂಡಿರುತ್ತಾನೆ. ನಗು ಇರುವುದು ಅಲ್ಲಿ” ಎಂದು ಅವರು. ಅವನ ದೇಶದಲ್ಲಿ ಜನರ ನಗುವನ್ನು ಮೊದಲೇ ಯಂತ್ರದಲ್ಲಿ ಹಿಡಿದಿಟ್ಟು, ಬೇಕಾದಲ್ಲಿ ಸೇರಿಸುತ್ತಾರೆಂದು ಕೇಳಿ ನನಗೆ ಗಾಬರಿಯಾಯಿತು. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿ, “ನೀನೇ ತೀರ್ಪು ಕೊಡು” ಎನ್ನುತ್ತಿದ್ದರು. ನಾನು ಟೆಲಿವಿಷನ್ನಿನ ಪೆಟ್ಟಿಗೆಯನ್ನೇ ಕಂಡವಳಲ್ಲ. ಅದನ್ನು ಹೇಳಿದರೆ ಅವನು ಗಾಳಿಯಲ್ಲಿ ಕೈಯಿಂದ ಚೌಕ ಬರೆದು ತೋರಿಸುತ್ತಿದ್ದ, ಅಷ್ಟರಿಂದ ನನಗೆ ಎಲ್ಲವೂ ತಿಳಿಯಬೇಕೆಂಬಂತೆ.

ತಿಳವಳ್ಳಿಯ ಸಭೆಗೆ ಬಹಳ ಜನ ಬಂದಿದ್ದರು. ಹದಿನೈದು ಮಂದಿ ಕೋಳಿಮರಿ ಬೇಕೆಂದು ಆಗಲೇ ಹೆಸರು ಬರೆಸಿದ್ದರು. ಯಾವ ಭಾಷಣವನ್ನೂ ನಗೆಮಾತಿನಿಂದಲೇ ಆರಂಭಿಸಬೇಕೆಂಬುದು ಆ ತರುಣನ ನಿಯಮ. ಅವನೂರಿನ ರೈತನೊಬ್ಬ ದಣಿದು ಕೋಳಿಗೂಡಿಗೆ ಹೋಗಿ “ಇಲ್ಲೇ ಮಲಗ್ತೀನಿ” ಎಂದನಂತೆ, ಕೋಳಿಗಳು ಸರಿದು ಜಾಗ ಬಿಟ್ಟವಂತೆ. ಅವನ ಇಂಗ್ಲಿಷಿನಲ್ಲಿ ಮಲಗುವುದಕ್ಕೂ ಮೊಟ್ಟೆ ಇಡುವುದಕ್ಕೂ ಒಂದೇ ಮಾತು; ರೈತನೂ ಮೊಟ್ಟೆ ಇಡಲು ಬಂದನೆಂದು ಕೋಳಿಗಳು ತಿಳಿದವು. ಕನ್ನಡದಲ್ಲಿ ನಾನು ಏನು ಮಾಡಲಿ? ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮುಂದೆ ಕುಳಿತಿದ್ದ ಹೆಂಗಸೊಬ್ಬಳು ಮರುಕದಿಂದ ಕೇಳಿದಳು: “ಪಾಪ, ಅವನ ಮನ್ಯಾಗ ಜಾಗಾ ಇರಲಿಲ್ಲೇನ್ರಿ?”

ಅವನ ಭಾಷಣ ಮುಗಿದ ಮೇಲೆ ನರ್ಸ್ ಎದ್ದರು. ಮುಖದ ಒಂದು ಗೆರೆಯೂ ಅಲುಗದಂತೆ, “ಈತನ ಕೋಳಿಗಳು ಬಹಳ ಸಭ್ಯಸ್ಥ ಕೋಳಿಗಳು. ಹೋದ ತಿಂಗಳು ಹತ್ತು ತೀರಿಕೊಂಡವು, ಒಂದೂ ದೂರು ಹೇಳಲಿಲ್ಲ” ಎಂದರು. ಆ ತರುಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಅದನ್ನೂ ಇದ್ದ ಹಾಗೆ ಕನ್ನಡದಲ್ಲಿ ಹೇಳಿದೆ.

ಒಬ್ಬ ಹಿರಿಯ ರೈತರು ಎದ್ದು ನಿಂತರು. “ಅಂದ್ರ, ಬ್ಯಾನಿ ಬಂದದ್ದೂ ಗೊತ್ತಾಗೂದಿಲ್ಲ ಅಂದಂಗಾತು. ಸುಮ್ಮನ ಸಾಯೂ ಕೋಳಿ ನಮಗ್ಯಾಕ ಬೇಕ್ರಿ?”

“ಅದು ನಗಚಾಟಿಕಿ ಮಾತ್ರೀ ಯಜಮಾನ್ರ” ಎಂದೆ.

“ಹತ್ತು ಜೀವ ಸತ್ತಾವ, ನಗಚಾಟಿಕಿ ಎಲ್ಲೈತಿ?”

ಹದಿನೈದು ಹೆಸರುಗಳನ್ನೂ ಹೊಡೆದುಹಾಕಿಸಿ ಜನ ಎದ್ದು ಹೋದರು. “ಸ್ವಲ್ಪ ತಿದ್ದಿ ಹೇಳಾಕ ಬರ್ತಿರಲಿಲ್ಲೇನ್ರಿ ನಿಮಗ?” ಎಂದು ಬಿ.ಡಿ.ಒ. ನನ್ನ ಮೇಲೆಯೇ ಹರಿಹಾಯ್ದರು. ಮಾತಾಡಿದವರು ಅವರಿಬ್ಬರು, ತಪ್ಪು ಮಾತ್ರ ನನ್ನದು.

ಮುಂದಿನ ಶನಿವಾರ ಹಿರೇಬೆಂಡಿಗೇರಿಗೆ ಹೊರಟೆವು. ದಾರಿಯಲ್ಲಿ ಮತ್ತೆ ಅದೇ ವಾದ. ತಿಳವಳ್ಳಿಯ ಸಭೆ ಕೆಟ್ಟದ್ದು ಅವನ ಹಾಸ್ಯದಿಂದಲೆಂದು ನರ್ಸ್, ಅವರ ಹಾಸ್ಯದಿಂದಲೆಂದು ಅವನು. ನನಗೆ ತಡೆಯಲಾಗಲಿಲ್ಲ. “ನೀವಿಬ್ಬರೂ ಇಷ್ಟು ದಿನ ಮಾತಾಡಿದಿರಿ. ನಾವು ಯಾವುದಕ್ಕೆ ನಗುತ್ತೇವೆ ಅಂತ ಒಮ್ಮೆಯಾದರೂ ಕೇಳಿದಿರಾ?” ಎಂದೆ. ನರ್ಸ್ ಮೆಲ್ಲಗೆ, “ಹೇಳು, ಕೇಳುತ್ತೇವೆ” ಎಂದರು.

ನಾನು ಅಜ್ಜಿಯ ಮಾತೊಂದನ್ನು ಹೇಳಿದೆ. ನಮ್ಮ ಮನೆಗೆ ಬಂದ ದೂರದ ನೆಂಟನೊಬ್ಬ ತಿಂಗಳಾದರೂ ಊರಿಗೆ ಹೋಗಲಿಲ್ಲ. ದಿನಾ ಬೆಳಿಗ್ಗೆ ಚೀಲ ಹೆಗಲಿಗೇರಿಸಿ, “ಬರ್ತೇನ್ರೀ” ಎನ್ನುವುದು, ರೊಟ್ಟಿಯ ವಾಸನೆಗೆ ಮತ್ತೆ ಕೂಡುವುದು. ಕೊನೆಗೆ ಅಜ್ಜಿ, “ಬರೂದು ಭಾಳ ಆತಪಾ. ಇವತ್ತೊಂದು ದಿನ ಹೋಗ್ತೇನಿ ಅನ್ನು” ಎಂದಳು.

ಇಂಗ್ಲಿಷಿನಲ್ಲಿ ಅದು ನನ್ನ ಬಾಯಲ್ಲೇ ಸತ್ತಿತು. “ಹೋಗುವವನು ಬರುತ್ತೇನೆ ಅಂತ ಯಾಕೆ ಹೇಳುತ್ತಾನೆ?” ಎಂದು ಅವನು ಕೇಳಿದ. ಹೋಗುತ್ತೇನೆ ಎಂದರೆ ಅಶುಭ ಎಂದು ವಿವರಿಸಿದೆ. “ಓಹೋ, ಬಹಳ ಸ್ವಾರಸ್ಯಕರ ಪದ್ಧತಿ” ಎಂದರು ನರ್ಸ್. ಅವರು ನನ್ನನ್ನು ನೋಡಿ ನಕ್ಕಿದ್ದರೂ, ಬೈದಿದ್ದರೂ ನಾನು ಸಹಿಸಿಕೊಳ್ಳುತ್ತಿದ್ದೆ, ಈ ಮರ್ಯಾದೆಯ ಮಾತನ್ನಲ್ಲ.

ಜೀಪು ನಡೆಸುತ್ತಿದ್ದ ಸವಣೂರಿನ ಡ್ರೈವರ್ ಚಾಚಾ, “ಏನ್ ಹೇಳಿದ್ರಿ ಅಕ್ಕಾರ?” ಎಂದರು. ಕನ್ನಡದಲ್ಲಿ ಹೇಳಿದೆ. ಅವರು ಸ್ಟೀರಿಂಗ್ ಬಡಿದು ನಕ್ಕರು, ಜೀಪನ್ನು ಪಕ್ಕಕ್ಕೆ ನಿಲ್ಲಿಸಿ ಕಣ್ಣೊರೆಸಿಕೊಂಡರು. “ನಮ್ಮ ಭಾವಗ ಇದನ್ನ ಹೇಳಾಕಬೇಕ್ರೀ!”

“ಇವನಿಗೆ ನೀನು ಬೇರೆ ಏನೋ ಹೇಳಿದೆ” ಎಂದ ಅಮೆರಿಕದವನು. ಅದೇ ಮಾತೆಂದು ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಆ ವಿಷಯದಲ್ಲಿ ನರ್ಸ್ ಮೊದಲ ಸಲ ಅವನ ಪಕ್ಷ ವಹಿಸಿದರು.

ಸೋಮವಾರ ನಾನು ಇನ್ನು ಮುಂದೆ ಬರುವುದಿಲ್ಲವೆಂದು ಬಿ.ಡಿ.ಒ. ಅವರಿಗೆ ತಿಳಿಸಿದೆ. ನನ್ನ ಬದಲು ಡ್ರಾಯಿಂಗ್ ಮಾಸ್ತರರು ಹೋಗತೊಡಗಿದರು. ಅವರ ಇಂಗ್ಲಿಷ್ ಅಷ್ಟಕ್ಕಷ್ಟೇ. ಪರದೇಶದವರು ಏನೇ ಅನ್ನಲಿ, ಇವರು ಬೋರ್ಡಿನ ಮೇಲೆ ಗೂಡಿನ ಚಿತ್ರ ಬರೆದು, ಅಳತೆ ಹೇಳಿ, ಕೈಮುಗಿದು ಕೂಡುತ್ತಿದ್ದರಂತೆ. ಆ ವರ್ಷ ನಾಲ್ಕಾರು ಹಳ್ಳಿಗಳಲ್ಲಿ ಕೋಳಿಗೂಡುಗಳು ಎದ್ದವು, ತಿಳವಳ್ಳಿಯಲ್ಲೂ ಸಹ. ಸ್ಟಾಫ್ ರೂಮಿನಲ್ಲಿ ಮಾಸ್ತರರನ್ನು ಎಲ್ಲರೂ ಹೊಗಳುವಾಗ ನಾನು ತಲೆ ಎತ್ತದೆ ವ್ಯಾಕರಣದ ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಆ ಸಲ ಮಕ್ಕಳಿಗೆ ಬಿದ್ದ ಮಾರ್ಕುಗಳು ಬಹಳ ಕಡಿಮೆ.